ಐನೂರು ಆಡು, ಒಂದೇ ರಿಸ್ಕ್

ಊರಲ್ಲಿ ಆಡಿನ ಫಾರ್ಮ್ ಮಾಡೋಣ ಎಂಬ ಮಾತು ವಿದೇಶದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಈ ಸಲ ಗೆಳೆಯರೊಬ್ಬರು ಎಕ್ಸೆಲ್ ಶೀಟನ್ನೇ ಕಳಿಸಿ, "ನೋಡಿ ಹೇಳಿ ಸಾರ್" ಎಂದರು. ತಂದೆಯ ಜಮೀನು, 500 ಹೆಣ್ಣಾಡು, 25 ಹೋತ, ರಾಷ್ಟ್ರೀಯ ಜಾನುವಾರು ಮಿಷನ್‌ನಿಂದ ಶೇ. 50 ಸಬ್ಸಿಡಿ, ಉಳಿದದ್ದಕ್ಕೆ ಬ್ಯಾಂಕ್ ಸಾಲ ಮತ್ತು ಅವರ ಹತ್ತು ವರ್ಷದ ಉಳಿತಾಯ. ಹಾಲು ಬೆಂಗಳೂರಿಗೆ, ಗಂಡುಮರಿ ಮಾಂಸಕ್ಕೆ. ಲೆಕ್ಕ ಅಚ್ಚುಕಟ್ಟಾಗಿತ್ತು.

ರೋಗದ ಬಗ್ಗೆ ಇಡೀ ಶೀಟಿನಲ್ಲಿ ಇದ್ದದ್ದು ಒಂದೇ ಸಾಲು. "ಸಾವಿನ ಪ್ರಮಾಣ: ವರ್ಷಕ್ಕೆ ಶೇ. 5."

ನನ್ನ ತಕರಾರು ಇರುವುದು ಆ ಸಾಲಿನ ಮೇಲೆ. ಅಂಕಿ ತಪ್ಪು ಎಂದಲ್ಲ, ಅದು ಸರಾಸರಿ ಎಂಬುದೇ ತೊಂದರೆ. ವರ್ಷಕ್ಕೆ 25 ಆಡಿನಂತೆ ಹತ್ತು ವರ್ಷ ಸತ್ತರೆ ಒಟ್ಟು 250. ಒಂಬತ್ತು ವರ್ಷ ಏನೂ ಆಗದೆ, ಒಂದೇ ವರ್ಷ 250 ಸತ್ತರೂ ಸರಾಸರಿ ಅದೇ ಶೇ. 5. ಮೊದಲನೆಯದನ್ನು ಯಾವ ಫಾರ್ಮ್ ಬೇಕಾದರೂ ತಾಳಿಕೊಳ್ಳುತ್ತದೆ. ಎರಡನೆಯದು ಸಾಲದ ಎರಡನೇ ವರ್ಷದಲ್ಲೇ ಬಂದರೆ ಫಾರ್ಮ್ ಮುಳುಗುತ್ತದೆ. ಸಾಂಕ್ರಾಮಿಕ ರೋಗ ಬರುವುದು ಹೆಚ್ಚಾಗಿ ಎರಡನೆಯ ರೀತಿಯಲ್ಲೇ.

ಆಸ್ತಿ ಹೆಚ್ಚಾದಷ್ಟೂ ರಿಸ್ಕ್ ಹರಡಿಕೊಳ್ಳುತ್ತದೆ ಎಂದು ನಾವು ಎಂಬಿಎಯಲ್ಲಿ ಓದಿದ್ದೇವೆ. ಅದಕ್ಕೊಂದು ಷರತ್ತಿದೆ: ಒಂದರ ಕಷ್ಟ ಇನ್ನೊಂದಕ್ಕೆ ಅಂಟಬಾರದು. 2008ರಲ್ಲಿ ಅಮೆರಿಕದ ಗೃಹಸಾಲಗಳಲ್ಲಿ ಆದದ್ದು ಇದೇ. ಸಾವಿರಾರು ಸಾಲಗಳನ್ನು ಒಟ್ಟುಗೂಡಿಸಿದ್ದರು, ಆದರೆ ಎಲ್ಲವೂ ಒಟ್ಟಿಗೇ ಬಿದ್ದವು. ಒಂದೇ ಸೂರಿನಡಿ, ಒಂದೇ ತೊಟ್ಟಿಯ ನೀರು ಕುಡಿಯುವ 500 ಆಡುಗಳೂ ಹಾಗೆಯೇ. ಅವು 500 ಬೇರೆ ಬೇರೆ ಹೂಡಿಕೆಗಳಲ್ಲ.

ಹಾಗಾದರೆ ರಿಸ್ಕ್ ಎಲ್ಲಿ ತೀರ್ಮಾನವಾಗುತ್ತದೆ? ರೋಗ ನಮ್ಮ ಹಣೆಬರಹ ಎಂದು ಹೇಳುವವರಿದ್ದಾರೆ. ನಾನು ಓದಿ ತಿಳಿದ ಮಟ್ಟಿಗೆ, ಬಹುಪಾಲು ಫಾರ್ಮಿನ ಒಳಗೇ ತೀರ್ಮಾನವಾಗುತ್ತದೆ.

ಮೊದಲನೆಯದು ಗೇಟು. 500 ಆಡು ಒಂದೇ ಊರಿನಲ್ಲಿ ಸಿಗುವುದಿಲ್ಲ. ದಲ್ಲಾಳಿ ನಾಲ್ಕಾರು ಸಂತೆ ಸುತ್ತಿ ತುಂಬಿಸಿಕೊಡುತ್ತಾನೆ. ನಮ್ಮ ಕಡೆ ಹಿರೇಬೇನೆ ಎನ್ನುವ ಪಿಪಿಆರ್ ರೋಗ ಹೀಗೆಯೇ ಲಾರಿ ಹತ್ತಿ ಬರುತ್ತದೆ. ಸೋಂಕು ತಗುಲಿದ ಕೆಲವು ದಿನ ಆಡು ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಜ್ವರ, ಮೂಗಿನಲ್ಲಿ ಸೋರಿಕೆ, ಭೇದಿ. ಹೊಸ ಆಡುಗಳನ್ನು ಕನಿಷ್ಠ ಮೂರು ವಾರ ಬೇರೆ ಶೆಡ್ಡಿನಲ್ಲಿ, ಬೇರೆ ಆಳಿನ ಕೈಯಲ್ಲಿ ಇಡಬೇಕು. ಗೆಳೆಯರ ಶೀಟಿನಲ್ಲಿ ಆ ಶೆಡ್ಡೇ ಇರಲಿಲ್ಲ. ಪಿಪಿಆರ್‌ಗೆ ಒಳ್ಳೆಯ ಲಸಿಕೆ ಇದೆ, ಒಂದು ಡೋಸ್ ಹಲವು ವರ್ಷ ಕಾಯುತ್ತದೆ. ಆದರೆ ಲಸಿಕೆ ಹಾಕಬೇಕಾದದ್ದು ಲಾರಿ ಹತ್ತಿಸುವ ಮುಂಚೆ.

ಎರಡನೆಯದು ಹಾಲಿನ ಬಕೆಟ್. ಇದು ಹಾಲಿನ ಆಡಿಗೇ ವಿಶೇಷವಾದ ರಿಸ್ಕ್. ಹಾಲು ಮಾರಬೇಕು ಎಂದು ಮರಿಗಳನ್ನು ಬೇಗ ಬಿಡಿಸಿ, ಹತ್ತು ತಾಯಂದಿರ ಹಾಲು ಸೇರಿಸಿ ಕುಡಿಸುತ್ತಾರೆ. ಸಿಎಇ ಎಂಬ ವೈರಸ್ ಮುಖ್ಯವಾಗಿ ಗಿಣ್ಣು ಮತ್ತು ಹಾಲಿನ ಮೂಲಕ ಮರಿಗೆ ದಾಟುತ್ತದೆ. ಹತ್ತರಲ್ಲಿ ಒಂದು ತಾಯಿಗೆ ಸೋಂಕಿದ್ದರೆ ಆ ಬಕೆಟ್ ಕುಡಿದ ಮರಿಗಳೆಲ್ಲ ಅಪಾಯದಲ್ಲಿ. ಇದಕ್ಕೆ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ವರ್ಷಗಟ್ಟಲೆ ಏನೂ ಕಾಣದೆ, ಆಮೇಲೆ ಮಂಡಿ ಊದಿ, ಕೆಚ್ಚಲು ಗಟ್ಟಿಯಾಗಿ ಹಾಲು ಇಳಿಯುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಸಾಲ ಎನ್ನುತ್ತೇವಲ್ಲ, ಥೇಟ್ ಅದು. ಗಿಣ್ಣನ್ನು 56 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿ ಮಾಡಿ ಕುಡಿಸುವುದು ಮತ್ತು ಖರೀದಿಗೆ ಮುಂಚೆ ರಕ್ತ ಪರೀಕ್ಷೆ, ಇವೇ ದಾರಿ.

ಮೂರನೆಯದು ಮರಿ ಹಾಕುವ ಜಾಗ. ಆಡು ಹಾಲು ಕೊಡಬೇಕಾದರೆ ಮರಿ ಹಾಕಬೇಕು. ಕಂದು ಹಾಕಿದರೆ ಒಂದು ವರ್ಷದ ಆದಾಯಕ್ಕೇ ಪೆಟ್ಟು, ಮತ್ತು ಸಾಮಾನ್ಯ ಜಾನುವಾರು ವಿಮೆ ಸಾವಿಗೆ ಕೊಡುತ್ತದೆಯೇ ಹೊರತು ಕಂದು ಹಾಕಿದ್ದಕ್ಕಲ್ಲ. ಕಂದು ರೋಗ, ಅಂದರೆ ಬ್ರುಸೆಲ್ಲಾ, ಸತ್ತೆಯಿಂದಲೂ ಹಸಿ ಹಾಲಿನಿಂದಲೂ ಮನುಷ್ಯರಿಗೆ ಹತ್ತುತ್ತದೆ. ಬರಿಗೈಯಲ್ಲಿ ಮರಿ ಎಳೆಯುವ ಆಳಿಗೆ ತಿಂಗಳುಗಟ್ಟಲೆ ಜ್ವರ, ಕೀಲುನೋವು. ಆ ಖರ್ಚು ಯಾರ ಶೀಟಿನಲ್ಲಿ ಬರುತ್ತದೆ?

ಈ ಕೊನೆಯ ಪ್ರಶ್ನೆಯನ್ನು ಇಡೀ ದೇಶವೊಂದು ಎದುರಿಸಿದೆ. 1984ರಲ್ಲಿ ಯುರೋಪಿನಲ್ಲಿ ಹಸುವಿನ ಹಾಲಿಗೆ ಕೋಟಾ ಬಂತು. ಆಡಿನ ಹಾಲಿಗೆ ಕೋಟಾ ಇರಲಿಲ್ಲ, ಹಾಗಾಗಿ ನೆದರ್‌ಲ್ಯಾಂಡ್ಸ್‌ನಲ್ಲಿ ಆಡಿನ ಡೇರಿಗಳು ಬೆಳೆದವು. ಲೆಕ್ಕ ಸರಿಯಾಗಿಯೇ ಇತ್ತು. 2005ರಿಂದ ಕೆಲವು ಫಾರ್ಮ್‌ಗಳಲ್ಲಿ ಆಡುಗಳು ಗುಂಪುಗುಂಪಾಗಿ ಕಂದು ಹಾಕತೊಡಗಿದವು. ಕಾರಣ ಕ್ಯೂ ಜ್ವರದ ಬ್ಯಾಕ್ಟೀರಿಯಾ. ಸತ್ತೆಯಲ್ಲಿ ಕೋಟಿಗಟ್ಟಲೆ ಇದ್ದು, ಒಣಗಿದ ಮೇಲೆ ದೂಳಿನಲ್ಲಿ ಹಾರಿಹೋಗುತ್ತದೆ. 2007ರಲ್ಲಿ ಉತ್ತರ ಬ್ರಬಾಂಟ್ ಪ್ರಾಂತ್ಯದ ಹೆರ್ಪೆನ್ ಎಂಬ ಹಳ್ಳಿಯ ಜನರಿಗೆ ಜ್ವರ, ನ್ಯುಮೋನಿಯಾ ಶುರುವಾಯಿತು. 2010ರ ಹೊತ್ತಿಗೆ ದಾಖಲಾದ ರೋಗಿಗಳೇ 4,000ಕ್ಕೂ ಹೆಚ್ಚು. ಬಹಳಷ್ಟು ಜನ ಆಡನ್ನು ಮುಟ್ಟಿದವರೂ ಅಲ್ಲ, ಫಾರ್ಮಿನ ಹತ್ತಿರ ವಾಸವಿದ್ದರು ಅಷ್ಟೆ. 2009ರ ಡಿಸೆಂಬರಿನಿಂದ ಸರ್ಕಾರ 50,000ಕ್ಕೂ ಹೆಚ್ಚು ಗಬ್ಬದ ಆಡುಗಳನ್ನು ಕೊಲ್ಲಿಸಿತು, ಲಸಿಕೆ ಕಡ್ಡಾಯ ಮಾಡಿತು. ಅಲ್ಲಿನ ಸಂಶೋಧಕರು ಯಾವ ಫಾರ್ಮಿಗೆ ಸೋಂಕು ಹೆಚ್ಚು ಎಂದು ಹುಡುಕಿದಾಗ ಕಂಡ ಅಂಶಗಳಲ್ಲಿ ಎರಡು ನಮಗೆ ಮುಖ್ಯ: ಹಿಂಡು ದೊಡ್ಡದಿದ್ದರೆ ಹೆಚ್ಚು, ಸೋಂಕಿತ ಫಾರ್ಮ್ ಹತ್ತಿರವಿದ್ದರೆ ಹೆಚ್ಚು.

ದೊಡ್ಡದಾದಷ್ಟೂ ಲಾಭ ಎಂದು ಸಬ್ಸಿಡಿ ಹೇಳುತ್ತದೆ, ದೊಡ್ಡದಾದಷ್ಟೂ ಅಪಾಯ ಎಂದು ರೋಗ ಹೇಳುತ್ತದೆ. ಹೂಡಿಕೆದಾರ ಎರಡನ್ನೂ ಕೇಳಿಸಿಕೊಳ್ಳಬೇಕು.

ಹಾಗಂತ ಆಡು ಸಾಕಲೇಬಾರದೇ? ನಾನು ಹಾಗೆ ಹೇಳುವುದಿಲ್ಲ. ನಾರ್ವೆಯ ಡೇರಿಯವರು 2001ರಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲಿ ಮರಿಗಳನ್ನು ಹುಟ್ಟಿದ ಕೂಡಲೇ ಬೇರ್ಪಡಿಸಿ, ಶೆಡ್ ತೊಳೆದು, ಸಿಎಇಯಂಥ ರೋಗಗಳನ್ನು ಹಿಂಡುಗಳಿಂದ ತೆಗೆದರು. ಶಿಸ್ತಿಗೆ ಫಲವಿದೆ. ಆದರೆ ಆ ಶಿಸ್ತಿಗೆ ದುಡ್ಡು ಬೇಕು, ಅದು ಶೀಟಿನ ಮೊದಲ ಪುಟದಲ್ಲಿರಬೇಕು.

ಹಣ ಹಾಕುವ ಮುಂಚೆ ನಾನು ಕೇಳುವ ಪ್ರಶ್ನೆಗಳು ಇವು:

1. ಆಡು ಎಷ್ಟು ಕಡೆಯಿಂದ ಬರುತ್ತಿದೆ? ಒಂದೆರಡು ಮೂಲವಾದರೆ ಒಳ್ಳೆಯದು.
2. ಬ್ರುಸೆಲ್ಲಾ, ಸಿಎಇ ಪರೀಕ್ಷೆಯ ವರದಿ ಎಲ್ಲಿ?
3. ಕ್ವಾರಂಟೈನ್ ಶೆಡ್ ಎಷ್ಟು ದೂರ? ಅಲ್ಲಿ ಕೆಲಸ ಮಾಡುವವರು ಯಾರು?
4. ಮರಿ ಹಾಕುವ ಕೋಣೆ ಬೇರೆ ಇದೆಯೇ? ಸತ್ತೆಯನ್ನು ಹೂಳುವವರು ಯಾರು, ಎಲ್ಲಿ?
5. ಅರ್ಧ ಹಿಂಡು ಹೋದರೆ ಎಷ್ಟು ತಿಂಗಳ ಕಂತು ಕಟ್ಟಬಲ್ಲಿರಿ?

ಐದನೆಯದಕ್ಕೆ ಉತ್ತರವಿಲ್ಲದಿದ್ದರೆ ಮೊದಲ ನಾಲ್ಕು ಇನ್ನೂ ಮುಖ್ಯ. ಪರೀಕ್ಷೆ, ಸಲಹೆಗೆ ದೂರ ಹೋಗಬೇಕಿಲ್ಲ. ಜಾನುವಾರು ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಬೆಂಗಳೂರಿನ ಯಲಹಂಕದಲ್ಲೇ ಇದೆ.

ಗೆಳೆಯರಿಗೆ ಇಷ್ಟೆಲ್ಲ ಬರೆದು ಕಳಿಸಿದೆ. ಅದೇ ಯೋಜನೆಯಲ್ಲಿ 100 ಹೆಣ್ಣಾಡು, 5 ಹೋತದ ಘಟಕಕ್ಕೂ ಸಬ್ಸಿಡಿ ಇದೆ, ಮೂರು ವರ್ಷ ಅದನ್ನು ನಡೆಸಿ ನೋಡಿ ಎಂದೆ. ಇನ್ನೊಂದು ಮಾತನ್ನೂ ಸೇರಿಸಿದೆ. ಅವರ ನಕ್ಷೆಯಲ್ಲಿ ಶೆಡ್ ಇದ್ದದ್ದು ಅಪ್ಪ ಅಮ್ಮ ಇರುವ ಮನೆಯ ಹಿತ್ತಲಿಗೆ ಅಂಟಿಕೊಂಡು, ಗಾಳಿ ಬರುವ ದಿಕ್ಕಿಗೆ. ನಾವು ಕಂತು ಕಟ್ಟುವುದು ಇಲ್ಲಿಂದ, ದೂಳು ಕುಡಿಯುವವರು ಅಲ್ಲಿದ್ದಾರೆ. ಐಆರ್‌ಆರ್ ಲೆಕ್ಕ ಆಮೇಲೆ ಮಾಡೋಣ, ಮೊದಲು ಶೆಡ್ಡನ್ನು ಆ ಹಿತ್ತಲಿನಿಂದ ದೂರ ಸರಿಸಿ ಎಂದು ಬರೆದೆ.