ಹಾಜರಿ ಪುಸ್ತಕಕ್ಕೆ ಇನ್ನೊಂದು ಅಕ್ಷರ ಬೇಕು

ನಮ್ಮ ಭಾಯಿಜಾನ್ ಪಿಯುಸಿಯಲ್ಲಿ ಓದಿದ ಅಕೌಂಟೆನ್ಸಿ ಪುಸ್ತಕ ಈಗಲೂ ಮನೆಯಲ್ಲಿದೆ. ಅದರಲ್ಲಿ ಲಾಭರಹಿತ ಸಂಸ್ಥೆಗಳ ಲೆಕ್ಕ ಎಂದು ಒಂದು ಅಧ್ಯಾಯ. ಪುಟ ತಿರುಗಿಸಿದಲ್ಲೆಲ್ಲ ಒಂದು ಸ್ಪೋರ್ಟ್ಸ್ ಕ್ಲಬ್ ಸಿಗುತ್ತದೆ. ಸದಸ್ಯರ ಚಂದಾ ಇಷ್ಟು, ಹಳೆಯ ಬ್ಯಾಟು ಚೆಂಡು ಮಾರಿ ಬಂದದ್ದು ಇಷ್ಟು, ಮೈದಾನ ನೋಡಿಕೊಳ್ಳುವವನ ಸಂಬಳ ಇಷ್ಟು, ಪಂದ್ಯಾವಳಿ ನಿಧಿ ಇಷ್ಟು. (ಚಂದಾ ಎಂಬ ಮಾತು ನಮ್ಮ ಮನೆಯ ಉರ್ದುವಿನಲ್ಲೂ ಚಂದಾ ಎಂದೇ. ಕನ್ನಡ ಪುಸ್ತಕದಲ್ಲಿ ಇಂಥ ಪದ ಸಿಕ್ಕಾಗ ನನಗೆ ಸ್ವಲ್ಪ ಧೈರ್ಯ ಬರುತ್ತದೆ.) ಪುಸ್ತಕದ ತುಂಬ ಕ್ಲಬ್‌ಗಳು, ಕಾಲೇಜಿನಲ್ಲಿ ಒಂದೂ ಇಲ್ಲ. ನಮ್ಮಲ್ಲಿರುವುದು ಸ್ಟಾಫ್ ರೂಮಿನ ಪಕ್ಕದ ಒಂದು ಕಬ್ಬಿಣದ ಬೀರು. ಅದರ ಕೀ ಪಿ.ಇ. ಸರ್ ಬಳಿ ಇರುತ್ತದೆ. ವರ್ಷದಲ್ಲಿ ಹತ್ತು ದಿನ ಅದು ತೆರೆದಿರುತ್ತದೆ.

ಆ ಹತ್ತು ದಿನ ಯಾವುದು ಎಂದು ಎಲ್ಲರಿಗೂ ಗೊತ್ತು. ತಾಲ್ಲೂಕು ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬಂದ ಮೇಲೆ, ಎತ್ತರ ಇರುವವರು ಕೈ ಎತ್ತಿ ಎಂದು ಕೇಳಿ ತಂಡ ಮಾಡುತ್ತಾರೆ. ಈ ವರ್ಷ ಹುಡುಗಿಯರ ಥ್ರೋಬಾಲ್ ತಂಡದಲ್ಲಿ ನಾನೂ ಇದ್ದೆ. ಆಡಿದ್ದಕ್ಕಿಂತ ಹೆಚ್ಚು ಕೂತದ್ದೇ, ಅದು ಬೇರೆ ಮಾತು. ನಮ್ಮ ತಂಡ ಎರಡನೇ ಸ್ಥಾನ ಪಡೆಯಿತು. ಗೇಟಿನ ಬಳಿ ಫ್ಲೆಕ್ಸ್ ಹಾಕಿದರು, ಪ್ರಾರ್ಥನೆಯ ವೇಳೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಿಜವಾಗಿ ಸಂತೋಷವಾಯಿತು.

ಅದೇ ವಾರ ನನ್ನ ಪಕ್ಕದ ಬೆಂಚಿನ ಗೆಳತಿ, ನಮ್ಮ ತಂಡದ ಕ್ಯಾಪ್ಟನ್, ಹಾಜರಿ ಕಡಿಮೆ ಇದೆ ಎಂಬ ಪಟ್ಟಿಯಲ್ಲಿದ್ದಳು. ಪಂದ್ಯದ ದಿನ ನಡೆದ ಅರ್ಥಶಾಸ್ತ್ರದ ಟೆಸ್ಟಿನಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದಿತ್ತು. ಅರ್ಜಿ ಬರೆದಳು. ಪಿ.ಇ. ಸರ್ ಸಹಿ ಬೇಕು ಎಂದರು, ತಂದಳು. ದಿನಾಂಕ ಇಲ್ಲ ಎಂದರು, ಮತ್ತೆ ಬರೆದಳು. ಮೂರನೇ ಅರ್ಜಿಯ ಹೊತ್ತಿಗೆ ಫ್ಲೆಕ್ಸಿನ ಒಂದು ಮೂಲೆ ಗಾಳಿಗೆ ಹರಿದಿತ್ತು. ನಾನು ಯಾರನ್ನೂ ದೂರುತ್ತಿಲ್ಲ. ಉಪನ್ಯಾಸಕರಿಗೆ ಕೊಟ್ಟಿರುವ ಹಾಜರಿ ಪುಸ್ತಕದಲ್ಲಿ ಇರುವುದೇ ಎರಡು ಅಕ್ಷರ, ಪಿ ಮತ್ತು ಎ. ಕಾಲೇಜಿನ ಅಂಗಿ ತೊಟ್ಟು, ಕಾಲೇಜಿನ ಹೆಸರಿನಲ್ಲಿ ಬಿಸಿಲಲ್ಲಿ ನಿಂತವಳಿಗೆ ಯಾವ ಅಕ್ಷರ ಹಾಕಬೇಕು ಎಂದು ಯಾರೂ ಅವರಿಗೆ ಹೇಳಿಲ್ಲ.

ಇದೇ ಸಿಟ್ಟಿನಲ್ಲಿ ನಾನು ಬೇರೆ ಕಡೆ ಓದುವ ಆಟಗಾರರು ಹೇಗೆ ಬದುಕುತ್ತಾರೆ ಎಂದು ಹುಡುಕಿ ಓದಲು ಶುರು ಮಾಡಿದೆ. ಮೊದಲು ಸಿಕ್ಕಿದವರು ರೋಜರ್ ಬ್ಯಾನಿಸ್ಟರ್. ಒಂದು ಮೈಲಿಯನ್ನು ನಾಲ್ಕು ನಿಮಿಷದ ಒಳಗೆ ಓಡಿದ ಮೊದಲ ಮನುಷ್ಯ ಎಂದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. 1954ರ ಮೇ 6, ಆಕ್ಸ್‌ಫರ್ಡಿನ ಇಫ್ಲಿ ರಸ್ತೆಯ ಮೈದಾನ, 3 ನಿಮಿಷ 59.4 ಸೆಕೆಂಡ್. ನನಗೆ ಹಿಡಿಸಿದ್ದು ಆ ಸಾಲಿನ ಹಿಂದಿನ ಕಥೆ. ಆಗ ಅವರು ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿ ಬಂದು ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. ಆ ದಿನ ಬೆಳಿಗ್ಗೆಯೂ ಆಸ್ಪತ್ರೆಗೆ ಹೋಗಿ, ನಂತರ ರೈಲು ಹತ್ತಿ ಆಕ್ಸ್‌ಫರ್ಡಿಗೆ ಬಂದರು. ಓಟದಲ್ಲಿ ಇಬ್ಬರು ಗೆಳೆಯರು ಅವರಿಗಾಗಿ ಮುಂದೆ ಓಡಿ ವೇಗ ಹಿಡಿದರು. ಮೊದಲು ಕ್ರಿಸ್ ಬ್ರ್ಯಾಶರ್, ಆಮೇಲೆ ಕ್ರಿಸ್ ಚಾಟವೇ. ಬ್ಯಾನಿಸ್ಟರ್ ಅದೇ ವರ್ಷದ ಕೊನೆಗೆ ಓಟ ಬಿಟ್ಟು ನರರೋಗ ತಜ್ಞರಾದರು.

ಇದರಲ್ಲಿ ಕ್ಲಬ್ ಎಲ್ಲಿ ಬಂತು ಎಂದು ಕೇಳಬಹುದು. ಅವರು ಓಡಿದ ಆ ಹಾದಿಯಲ್ಲೇ ಬಂತು. ಕೆಲವು ವರ್ಷ ಮೊದಲು ಆಕ್ಸ್‌ಫರ್ಡಿನಲ್ಲಿ ಓದುವಾಗ ಬ್ಯಾನಿಸ್ಟರ್ ಅಲ್ಲಿನ ವಿದ್ಯಾರ್ಥಿಗಳ ಅಥ್ಲೆಟಿಕ್ ಕ್ಲಬ್ಬಿನ ಅಧ್ಯಕ್ಷರಾಗಿದ್ದರು. ಮೂರು ಸುತ್ತಿಗೆ ಒಂದು ಮೈಲಿಯಾಗುವ ಹಳೆಯ ಟ್ರ್ಯಾಕ್ ತೆಗೆದು, ನಾಲ್ಕು ಸುತ್ತಿನ ಹೊಸ ಟ್ರ್ಯಾಕ್ ಆಗಬೇಕು ಎಂದು ಹಿಂದೆ ಬಿದ್ದು ಕೆಲಸ ಮಾಡಿಸಿದವರಲ್ಲಿ ಅವರೇ ಮುಖ್ಯರು. ಮುಂದೆ ದಾಖಲೆಯಾದದ್ದು ಅದೇ ಟ್ರ್ಯಾಕಿನಲ್ಲಿ. ಒಬ್ಬ ವಿದ್ಯಾರ್ಥಿ, ಮೈದಾನ ಹೇಗಿರಬೇಕು ಎಂದು ಹೇಳುವ ಕುರ್ಚಿಯಲ್ಲಿ ಕೂತಿದ್ದ! ನಮ್ಮಲ್ಲಿ ಥ್ರೋಬಾಲ್ ನೆಟ್ ಯಾವ ಎತ್ತರಕ್ಕೆ ಕಟ್ಟಬೇಕು ಎಂದು ಕೇಳಲೂ ಸಂಕೋಚ.

ಅದು ಶ್ರೀಮಂತ ದೇಶದ ದೊಡ್ಡ ವಿಶ್ವವಿದ್ಯಾಲಯ, ನಮಗೆ ಹೋಲಿಕೆ ಯಾಕೆ ಎಂದು ಮನೆಯಲ್ಲಿ ದಾದಾ ಕೇಳಿದರು. ಸರಿ, ದಾದಾ ಪ್ರತಿ ಮಾತಿಗೂ ಹೆಸರು ಹೇಳುವ ಅಲೀಗಢಕ್ಕೇ ಬರೋಣ. ಸರ್ ಸಯ್ಯದ್ ಅಹ್ಮದ್ ಖಾನರ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 1877ರಲ್ಲಿ. ಮರುವರ್ಷವೇ ಅಲ್ಲಿ ಕ್ರಿಕೆಟ್ ಕ್ಲಬ್ ಇತ್ತು. ಅದನ್ನು ಶುರು ಮಾಡಿದವರು ಗಣಿತದ ಅಧ್ಯಾಪಕ ಪಂಡಿತ ರಮಾಶಂಕರ ಮಿಶ್ರಾ. ಗ್ರಂಥಾಲಯ, ಹಾಸ್ಟೆಲ್ ಎಲ್ಲ ಮುಗಿದು ಹಣ ಮಿಕ್ಕರೆ ನೋಡೋಣ ಎಂದು ಅವರು ಕಾಯಲಿಲ್ಲ. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಹಾಕಿ ತಂಡದಲ್ಲಿದ್ದು, 1984ರಲ್ಲಿ ನಾಯಕರಾಗಿದ್ದ ಜಫರ್ ಇಕ್ಬಾಲ್ ಅಲೀಗಢದಲ್ಲೇ ಓದಿದವರು. ದಾದಾ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂ, ಹಾಕಿ ಗೊತ್ತು" ಎಂದರು.

ನಮ್ಮ ಮನೆಯಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದ್ ಎಂದರೆ ಉರ್ದು ಗದ್ಯ, ದೇಶದ ಮೊದಲ ಶಿಕ್ಷಣ ಮಂತ್ರಿ. ಆಟದಲ್ಲಿ ಮುಂದಿರುವ ವಿಶ್ವವಿದ್ಯಾಲಯಕ್ಕೆ ಕೇಂದ್ರ ಸರ್ಕಾರ ಕೊಡುವ ಟ್ರೋಫಿಗೂ ಅವರದೇ ಹೆಸರು, 1956–57ರಿಂದ. ಪಂಜಾಬಿನ ವಿಶ್ವವಿದ್ಯಾಲಯಗಳು ಅದನ್ನು ಎಷ್ಟೋ ಸಲ ಗೆದ್ದಿವೆ. ಶಿಕ್ಷಣ ಮಂತ್ರಿಯ ಹೆಸರನ್ನು ಆಟದ ಕಪ್ಪಿಗೆ ಇಟ್ಟದ್ದು ನನಗೆ ತುಂಬ ಇಷ್ಟ. ಆದರೆ ಒಂದು ಅನುಮಾನವೂ ಇದೆ. ಅಂಕ ಕೂಡಿಸಿ ಕಪ್ ಕೊಡುವಾಗ, ಎಲ್ಲೋ ತಯಾರಾದ ಆಟಗಾರರನ್ನು ತಂದು ಸೇರಿಸಿಕೊಳ್ಳುವ ಆಸೆ ಯಾವ ಸಂಸ್ಥೆಗೂ ಬರಬಹುದು. ನಮ್ಮಂಥ ಕಾಲೇಜೂ ನಾಳೆ ಇಬ್ಬರು ಒಳ್ಳೆಯ ಓಟಗಾರರಿಗೆ ಫೀಸು ಬಿಟ್ಟು ಸೀಟು ಕೊಟ್ಟು ಫ್ಲೆಕ್ಸ್ ಹಾಕಬಹುದು. ಆ ಇಬ್ಬರಿಗೆ ಒಳ್ಳೆಯದೇ ಆಗುತ್ತದೆ. ಉಳಿದ ನಾವು ಚಪ್ಪಾಳೆ ತಟ್ಟುವವರಾಗಿಯೇ ಇರುತ್ತೇವೆ, ಬೀರು ಮುಚ್ಚಿಯೇ ಇರುತ್ತದೆ. ನಾನು ಕೇಳುತ್ತಿರುವ ಕ್ಲಬ್ ಅದಲ್ಲ.

ಇನ್ನು ಅಮ್ಮಿಯ ಮಾತು. ಬಹಳ ಮನೆಗಳಲ್ಲಿ ಇದೇ ಮಾತು ಇರಬೇಕು, ಅದಕ್ಕೇ ಬರೆಯುತ್ತಿದ್ದೇನೆ. "ಬೇಟಿ, ಇದು ಸೆಕೆಂಡ್ ಪಿಯು. ಆಟ ಆಮೇಲೂ ಆಡಬಹುದು. ಜನ ನೋಡುವ ಮೈದಾನದಲ್ಲಿ ಹುಡುಗಿಯರು ಯಾಕೆ?" ಅಮ್ಮಿಗೆ ನಾನು ಇಬ್ತಿಹಾಜ್ ಮುಹಮ್ಮದ್ ಅವರ ವಿಷಯ ಹೇಳಿದೆ. ಅಮೆರಿಕದ ನ್ಯೂ ಜೆರ್ಸಿಯವರು. ಅವರ ತಾಯಿ ಒಂದು ದಿನ ಕಾರಿನಲ್ಲಿ ಹೋಗುವಾಗ ಶಾಲೆಯೊಂದರಲ್ಲಿ ಮಕ್ಕಳು ಕತ್ತಿವರಸೆ ಅಭ್ಯಾಸ ಮಾಡುವುದನ್ನು ಕಂಡರು. ಮೈ ತುಂಬ ಬಟ್ಟೆ, ಮುಖಕ್ಕೆ ಜಾಲರಿ. ಇದು ನನ್ನ ಮಗಳಿಗೆ ಆಗುತ್ತದೆ ಎಂದುಕೊಂಡರು. ಮಗಳು ಮುಂದೆ ಡ್ಯೂಕ್ ವಿಶ್ವವಿದ್ಯಾಲಯದ ತಂಡಕ್ಕೆ ಆಡುತ್ತಲೇ ಅಂತರರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಪದವಿ ಪಡೆದರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಹಿಜಾಬ್ ತೊಟ್ಟೇ ಆಡಿ, ತಂಡದೊಂದಿಗೆ ಕಂಚು ಗೆದ್ದರು. ಅಮ್ಮಿ ಕೇಳಿದ್ದು ಒಂದೇ: "ಆ ತಾಯಿ ಕಾರು ನಿಲ್ಲಿಸಿ ನೋಡಿದಳಾ?" ನಾನು ಇದನ್ನು ಒಪ್ಪಿಗೆ ಎಂದು ತಿಳಿದಿಲ್ಲ. ಆದರೆ ಸಂಜೆ ಮನೆಗೆ ಎಷ್ಟು ಗಂಟೆಗೆ ಬರುತ್ತೀ ಎಂದು ಅಮ್ಮಿ ಈಗ ಕೇಳುತ್ತಾರೆ. ಮೊದಲು ಹೋಗಲೇಬೇಡ ಎನ್ನುತ್ತಿದ್ದರು.

ಪರೀಕ್ಷೆಯ ಚಿಂತೆ ಸುಳ್ಳಲ್ಲ, ನನಗೂ ಇದೆ. ಆದರೆ ಈಗಿನ ಪದ್ಧತಿಯಲ್ಲಿ ಓದು ಹೆಚ್ಚು ಕೆಡುತ್ತದೆ. ವರ್ಷವಿಡೀ ಏನೂ ಇಲ್ಲ, ಒಮ್ಮೆಲೇ ಹತ್ತು ದಿನ ಎಲ್ಲ ಪೀರಿಯಡ್ ಬಿಟ್ಟು ಅಭ್ಯಾಸ. ಮೈಗೆ ರೂಢಿ ಇಲ್ಲದೆ ಮೂರನೇ ದಿನ ಒಬ್ಬಳ ಕಾಲು ಉಳುಕಿತು. ವಾರಕ್ಕೆ ಮೂರು ದಿನ, ಕಡೆಯ ಪೀರಿಯಡ್ ಮುಗಿದ ಮೇಲೆ, ಅಸರ್ ನಮಾಜ್ ಆದ ನಂತರ ಮುಕ್ಕಾಲು ಗಂಟೆ ಆಡಿದರೆ ಒಂದು ಪಾಠವೂ ತಪ್ಪುವುದಿಲ್ಲ. ದೂರದ ಹಳ್ಳಿಗಳಿಂದ ಬರುವವರಿಗೆ ಬಸ್ಸಿನ ತೊಂದರೆ ಇದೆ, ಒಪ್ಪುತ್ತೇನೆ. ಅವರಿಗೆ ಶನಿವಾರ ಒಂದು ದಿನ ಇಡಬಹುದು. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ದಿನ. ಈಗಿರುವ ಮೈದಾನವೇ ಸಾಕು, ಪ್ರೈಮರಿ ಮಕ್ಕಳು ಅಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಾರೆ.

ಹಣದ ಮಾತು ಬಂದರೆ ಕಾಮರ್ಸ್ ವಿಭಾಗ ಯಾಕಿದೆ? ತಿಂಗಳಿಗೆ ಇಪ್ಪತ್ತು ರೂಪಾಯಿ ಚಂದಾ, ಕೊಡಲಾಗದವರಿಗೆ ಕೇಳದೆ ಮಾಫಿ. ಲೆಕ್ಕ ನಾವೇ ಬರೆಯುತ್ತೇವೆ, ಅಕೌಂಟೆನ್ಸಿ ಮೇಡಂ ತಪಾಸಣೆ ಮಾಡಲಿ, ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ. ಭಾಯಿಜಾನ್ ಪುಸ್ತಕದ ಕ್ಲಬ್‌ಗಳು ಯಾವಾಗಲೂ ಒಂದು ಅಂಕಿ ಬಿಟ್ಟಿರುತ್ತವೆ, ನಾವು ಬಿಡುವುದಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ವಿದ್ಯಾರ್ಥಿಯೇ ಆಗಿರಲಿ, ಪ್ರಥಮ ಪಿಯುಸಿಯವರಾದರೆ ಇನ್ನೂ ಒಳ್ಳೆಯದು, ಮುಂದಿನ ವರ್ಷಕ್ಕೂ ಉಳಿಯುತ್ತಾರೆ.

ಮತ್ತು ಹಾಜರಿ ಪುಸ್ತಕಕ್ಕೆ ಮೂರನೇ ಅಕ್ಷರ. ಕ್ರೀಡೆಗೆ ಹೋದವರಿಗೆ ಕೆಂಪು ಶಾಯಿಯಲ್ಲಿ 'ಕ್ರೀ' ಎಂದು ಬರೆಯಲಿ, ಅದನ್ನು ಹಾಜರಿ ಎಂದೇ ಎಣಿಸಲಿ, ತಪ್ಪಿದ ಟೆಸ್ಟನ್ನು ಒಂದು ವಾರದೊಳಗೆ ಕೊಡಲಿ. ಅರ್ಜಿಯನ್ನು ಪಿ.ಇ. ಸರ್ ತಂಡ ಹೊರಡುವ ಮೊದಲೇ, ಎಲ್ಲರ ಹೆಸರು ಸೇರಿಸಿ, ಒಂದೇ ಹಾಳೆಯಲ್ಲಿ ಕೊಟ್ಟರೆ ಆಯಿತು. ಪ್ರಾಂಶುಪಾಲರಿಗೆ ಈ ಹಾಳೆಯ ಮಾದರಿಯನ್ನು ನಾವು ಬರೆದು ಕೊಟ್ಟಿದ್ದೇವೆ. ನೋಡುತ್ತೇನೆ ಎಂದಿದ್ದಾರೆ.

ಕ್ಲಬ್ಬಿಗೆ ಸೇರಲು ಆಸೆ ಇರುವವರು ದ್ವಿತೀಯ ಪಿಯುಸಿ ಕಾಮರ್ಸ್ 'ಬಿ' ವಿಭಾಗದಲ್ಲಿ ನನ್ನ ಬಳಿ ಹೆಸರು ಕೊಡಬಹುದು. ಇಲ್ಲಿಯವರೆಗೆ ಹತ್ತೊಂಬತ್ತು ಹೆಸರು ಬಂದಿವೆ. ಅವರಲ್ಲಿ ಆರು ಜನ ಈವರೆಗೆ ಯಾವ ಆಟವನ್ನೂ ಆಡಿಲ್ಲವಂತೆ. ಕ್ಯಾಪ್ಟನ್ ಮಾತ್ರ ಇನ್ನೂ ಹೆಸರು ಕೊಟ್ಟಿಲ್ಲ. ಅರ್ಥಶಾಸ್ತ್ರದ ಟೆಸ್ಟ್ ಏನಾಯಿತು ಎಂದು ತಿಳಿದ ಮೇಲೆ ಹೇಳುತ್ತೇನೆ ಎಂದಿದ್ದಾಳೆ.