ಆನರ್ಸ್ ಪದವಿಗೆ ಆಕರದ ಭಾಷೆ ಬೇಕು

ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ



2022ರ ಡಿಸೆಂಬರ್‌ನಲ್ಲಿ ನಿಮ್ಮ ಆಯೋಗ ಪ್ರಕಟಿಸಿದ ಚೌಕಟ್ಟಿನಂತೆ ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಪಡೆದವರು ಸಂಶೋಧನೆಯ ದಾರಿ ಹಿಡಿದು 12 ಕ್ರೆಡಿಟ್‌ಗಳ ಪ್ರಬಂಧ ಬರೆಯಬಹುದು. ಪದವಿಯ ಹಂತದಲ್ಲೇ ಸಂಶೋಧನೆಗೆ ಅವಕಾಶ ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ಭಾಷಾ ಸಾಮರ್ಥ್ಯಕ್ಕೆಂದು ಮೀಸಲಾದದ್ದು 8 ಕ್ರೆಡಿಟ್ ಮಾತ್ರ. ಅದರ ಗುರಿಯೂ ಆಧುನಿಕ ಭಾರತೀಯ ಭಾಷೆ ಮತ್ತು ಇಂಗ್ಲಿಷಿನಲ್ಲಿ ಸಂವಹನ ಕೌಶಲ. ಆಕರಗಳನ್ನು ಓದುವ ಭಾಷೆ ಕಲಿಸದೆ ಸಂಶೋಧನೆ ಮಾಡಿಸಿದರೆ, ವಿದ್ಯಾರ್ಥಿ ಇನ್ನೊಬ್ಬರ ಅನುವಾದವನ್ನು ನಂಬಿಯೇ ಬರೆಯಬೇಕಾಗುತ್ತದೆ.

ಈ ಮಾತಿಗೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ. ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಾಯಸ್‌ನ ವರದಿ ಇರುವುದು ಪೋರ್ಚುಗೀಸಿನಲ್ಲಿ. ರಾಬರ್ಟ್ ಸೀವೆಲ್ 1900ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರತಂದ. ನಮ್ಮಲ್ಲಿ ಬಹುತೇಕರು ಪಾಯಸ್‌ನನ್ನು ಬಲ್ಲದ್ದು ಅದರ ಮೂಲಕವೇ. ಬಿಜಾಪುರದ ಆಸ್ಥಾನದಲ್ಲಿದ್ದ ಫಿರಿಶ್ತಾ ಇತಿಹಾಸ ಬರೆದದ್ದು ಪರ್ಷಿಯನ್‌ನಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಜರ್ಮನ್ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನಲ್ಲಿವೆ. ಹೊರಗಿನ ಭಾಷೆ ಹೊರಗಿನ ನೌಕರಿಗೆ ಮಾತ್ರ ಎಂಬ ಎಣಿಕೆ ತಪ್ಪು. ನಮ್ಮನ್ನು ನಾವು ಅರಿಯಲೂ ಅದು ಬೇಕು. ಜಾಗತಿಕ ಕಲಿಕೆಯೆಂದರೆ ವಿದೇಶ ಪ್ರಯಾಣವೇ ಆಗಬೇಕಿಲ್ಲ. 2022ರ ನಿಮ್ಮ ನಿಯಮಗಳಡಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಜಂಟಿ ಪದವಿಗೆ ಅವಕಾಶವಿದೆ, ಆದರೆ ಅಲ್ಲಿಗೆ ಹೋಗುವ ಖರ್ಚು ಹಳ್ಳಿಯ ಕಾಲೇಜಿನ ಮಕ್ಕಳಿಗೆ ಎಟುಕದು. ಭಾಷೆ ಕಲಿತವರು ಊರಿನಲ್ಲಿದ್ದೇ ಹೊರಗಿನ ವಿದ್ವತ್ತಿನೊಡನೆ ನೇರ ಒಡನಾಡಬಲ್ಲರು.

ಹೊರಗಿನ ಭಾಷೆ ಕಲಿಸುವುದರಿಂದ ಕನ್ನಡದಂಥ ಭಾಷೆಗಳಿಗೆ ಪೆಟ್ಟು ಬೀಳದೇ ಎಂಬ ಆತಂಕ ನ್ಯಾಯವಾದದ್ದು. ಆದ್ದರಿಂದಲೇ ಭಾಷಾ ಸಾಮರ್ಥ್ಯದ ಆ 8 ಕ್ರೆಡಿಟ್‌ಗಳನ್ನು ಮುಟ್ಟಬಾರದು. ಉಪವಿಷಯಕ್ಕೆ ಇರುವ 32 ಕ್ರೆಡಿಟ್‌ಗಳಲ್ಲಿ 16ನ್ನು, ಬಯಸಿದ ವಿದ್ಯಾರ್ಥಿ ಆಕರ ಭಾಷೆಯೊಂದಕ್ಕೆ ಬಳಸಲಿ. ಆಗ ಒಟ್ಟು ಹೊರೆಯೂ ಹೆಚ್ಚದು. ಅಧ್ಯಾಪಕರೆಲ್ಲಿ ಎನ್ನುವವರಿಗೆ ನಿಮ್ಮ 2021ರ ನಿಯಮದಲ್ಲೇ ಉತ್ತರವಿದೆ: ಸೆಮಿಸ್ಟರ್ ಒಂದರ ಶೇ 40ರವರೆಗಿನ ಕೋರ್ಸ್‌ಗಳನ್ನು ‘ಸ್ವಯಂ’ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಪಡೆಯಬಹುದು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಅದಕ್ಕೆ ಪಾಠ ಸಿದ್ಧಪಡಿಸಲಿ, ಜಿಲ್ಲೆಗೊಬ್ಬ ಮಾರ್ಗದರ್ಶಕ ಅಧ್ಯಾಪಕರಿರಲಿ. ಯಂತ್ರಾನುವಾದ ಇದೆಯಲ್ಲ ಎನ್ನುವವರೂ ಉಂಟು. ಅದು ನೆರವಾದೀತು, ಆದರೆ ಅದು ಕೊಟ್ಟ ಅರ್ಥ ಸರಿಯೋ ತಪ್ಪೋ ಎಂದು ಹೇಳಲು ಮೂಲ ಓದಬಲ್ಲ ಮನುಷ್ಯನೇ ಬೇಕು.

ಭಾಷೆ ಕಲಿತ ಪ್ರತಿ ವಿದ್ಯಾರ್ಥಿಯೂ ಪ್ರಬಂಧದಲ್ಲಿ ಮೂಲ ಆಕರವೊಂದನ್ನಾದರೂ ಬಳಸಬೇಕು, ತಾನು ಕಂಡುಕೊಂಡದ್ದನ್ನು ತಾಯ್ನುಡಿಯಲ್ಲೂ ಬರೆದೊಪ್ಪಿಸಬೇಕು ಎಂಬ ನಿಯಮ ಸೇರಿಸಿ. ಆಗ ಈ ಕಲಿಕೆಯ ಫಲ ಕನ್ನಡದ ಓದುಗರಿಗೂ ದಕ್ಕುತ್ತದೆ. ಬರುವ ಶೈಕ್ಷಣಿಕ ವರ್ಷದೊಳಗೆ ಚೌಕಟ್ಟಿಗೆ ಈ ತಿದ್ದುಪಡಿ ತರಬೇಕೆಂದು ಕೋರುತ್ತೇನೆ.


ಕನ್ನಡದ ಒಬ್ಬ ಬರಹಗಾರ