ನಡುಮನೆಯೇ ಗರಡಿಮನೆ

“ವ್ಯಾಯಾಮ ಮಾಡಬೇಕೆಂಬ ಆಸೆಯೇನೋ ಉಂಟು, ಈ ಮಕ್ಕಳನ್ನು ಕಟ್ಟಿಕೊಂಡು ವೇಳೆಯನ್ನು ಎಲ್ಲಿಂದ ತರೋಣ ಸ್ವಾಮೀ?” ಎಂಬ ಮಾತು ಚಿಕ್ಕ ಮಕ್ಕಳಿರುವ ಮನೆಗಳಲ್ಲೆಲ್ಲ ಕೇಳಿಬರುತ್ತದೆ. ಇದನ್ನು ಸೋಮಾರಿಗಳ ನೆಪವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಎರಡು ವರ್ಷದ ಕೂಸೊಂದು, ಶಾಲೆಗೆ ಹೋಗುವ ಮಗುವೊಂದು ಇರುವ ಮನೆಯಲ್ಲಿ ಅಖಂಡವಾದ ಒಂದು ಗಂಟೆಯ ಬಿಡುವನ್ನು ಹುಡುಕುವುದೆಂದರೆ ಜಾತ್ರೆಯಲ್ಲಿ ಮೌನವನ್ನು ಹುಡುಕಿದಂತೆಯೇ ಸರಿ. ತಂದೆ ಜಮಖಾನೆ ಹಾಸಿ ದಂಡ ಹೊಡೆಯಲು ಬಾಗಿದನೋ, ಕಿರಿಯವನು ಬೆನ್ನೇರಿ ಕುದುರೆ ಓಡಿಸತೊಡಗುತ್ತಾನೆ. ತಾಯಿ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದಳೋ, ಆ ಕ್ಷಣದಲ್ಲೇ ಹಿರಿಯವಳ ಪೆನ್ಸಿಲು ಕಳೆದುಹೋಗುತ್ತದೆ. ಉತ್ಸಾಹದಿಂದ ಜಿಮ್ಮಿಗೆ ವರ್ಷದ ಹಣ ಕಟ್ಟಿ ಬಂದವರೂ ಕೆಲವೇ ವಾರಗಳಲ್ಲಿ ಆ ದಾರಿಯನ್ನು ಮರೆಯುವುದುಂಟು.

ಹಾಗಾದರೆ ಮಕ್ಕಳು ದೊಡ್ಡವರಾಗುವ ತನಕ ದೇಹದ ಯೋಚನೆಯನ್ನು ಬದಿಗಿಡಬೇಕೆ? ಹಾಗೇನೂ ಇಲ್ಲ. ಬದಿಗಿಡಬೇಕಾದದ್ದು, ವ್ಯಾಯಾಮವೆಂದರೆ ಯಾರ ಅಡ್ಡಿಯೂ ಇಲ್ಲದೆ ಒಂದೇ ಸಮನೆ ನಡೆಯಬೇಕಾದ ಕಾರ್ಯ ಎಂಬ ಕಲ್ಪನೆಯನ್ನು. ಈ ಕಲ್ಪನೆ ತಜ್ಞರಲ್ಲಿಯೂ ಒಂದು ಕಾಲಕ್ಕೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ನೀಡಿದ ಸೂಚನೆಗಳಲ್ಲಿ, ನಡಿಗೆ ಓಟಗಳಂಥ ಶ್ರಮವು ಒಂದೊಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ನಡೆಯಬೇಕೆಂದಿತ್ತು. 2020ರ ಸೂಚನೆಗಳಲ್ಲಿ ಆ ನಿಬಂಧನೆಯನ್ನು ಕೈಬಿಡಲಾಯಿತು. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಅದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ—ಇವಿಷ್ಟು ವಯಸ್ಕರಿಗೆ ಬೇಕು. ಅವನ್ನು ತುಂಡುತುಂಡಾಗಿ ಕೂಡಿಸಿಕೊಂಡರೂ ಲೆಕ್ಕಕ್ಕೆ ಬರುತ್ತದೆ. ಮಗುವನ್ನು ಶಾಲೆಗೆ ನಡೆಸಿಕೊಂಡು ಹೋಗುವ ಹತ್ತು ನಿಮಿಷ, ಲಿಫ್ಟನ್ನು ಬಿಟ್ಟು ಮೆಟ್ಟಿಲೇರುವ ಎರಡು ನಿಮಿಷ, ಇವೆಲ್ಲ ಜಮೆಯಾಗುವ ಹಣವೇ.

ಇನ್ನು ಸ್ನಾಯುಬಲದ ವ್ಯಾಯಾಮವಂತೂ ಸ್ವಭಾವದಿಂದಲೇ ತುಂಡು ತುಂಡಾದದ್ದು. ಹತ್ತು ಹನ್ನೆರಡು ಬಸ್ಕಿ ಹೊಡೆದವನು ಒಂದೆರಡು ನಿಮಿಷ ನಿಲ್ಲಲೇಬೇಕು. ದಣಿದ ಸ್ನಾಯು ಚೇತರಿಸಿಕೊಂಡ ಮೇಲೆಯೇ ಮುಂದಿನ ಸುತ್ತು. ಜಿಮ್ಮಿನಲ್ಲಿ ಈ ಬಿಡುವನ್ನು ಮೊಬೈಲು ನೋಡುತ್ತ ಕಳೆಯುತ್ತಾರೆ. ಮನೆಯಲ್ಲಿ ಅದೇ ಬಿಡುವಿನಲ್ಲಿ ಮಗುವಿನ ಮೂಗು ಒರೆಸಬಹುದು, ಪೆನ್ಸಿಲು ಹುಡುಕಬಹುದು, ಜಗಳ ಬಿಡಿಸಬಹುದು. ಬಿಡುವು ಎರಡು ನಿಮಿಷದಿಂದ ಹತ್ತಕ್ಕೆ ಬೆಳೆದರೂ ಹಾನಿಯಿಲ್ಲ. ನಾವು ಅಡ್ಡಿಯೆಂದು ಗೊಣಗುವುದೇ ಇಲ್ಲಿ ವಿಶ್ರಾಂತಿಯಾಗಿ ಪರಿಣಮಿಸುತ್ತದೆ.

ಸಲಕರಣೆಗಳ ಕೊರತೆಯೂ ನಮ್ಮ ನಾಡಿಗೆ ಹೊಸದಲ್ಲ. ಗರಡಿಯಲ್ಲಿ ಗದೆಯೂ ಇದ್ದಿತು, ಕೆಮ್ಮಣ್ಣಿನ ಅಖಾಡವೂ ಇದ್ದಿತು. ಆದರೆ ಪೈಲ್ವಾನರ ಮೈಯನ್ನು ಕಟ್ಟಿದ ದಂಡ, ಬಸ್ಕಿಗಳಿಗೆ ಬೇಕಾದದ್ದು ಆಳುದ್ದದ ನೆಲ ಮಾತ್ರ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದ ತಿರುಮಲೆ ಕೃಷ್ಣಮಾಚಾರ್ಯರ ‘ಯೋಗಮಕರಂದ’ವು 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲಿಯೇ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಓದುಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ್ದಲ್ಲದೆ, ಅಲ್ಲಿಗೆ ಬರಲಾರದವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳುಹಿಸುತ್ತಿದ್ದರು. ಮನೆಯಲ್ಲಿಯೇ ಮೈ ಬೆಳೆಸಬಹುದೆಂಬ ನಂಬಿಕೆ ಇಲ್ಲದಿದ್ದರೆ ಅಂಚೆಯಲ್ಲಿ ವ್ಯಾಯಾಮವನ್ನು ಕಲಿಸಲು ಯಾರು ತಾನೇ ಮುಂದಾಗುತ್ತಿದ್ದರು?

ಆದರೆ ಯಾವ ವ್ಯಾಯಾಮ? ಹೆಸರುಗಳು ನೂರಿದ್ದರೂ ದೇಹದ ಮುಖ್ಯ ಚಲನೆಗಳನ್ನು ಐದಕ್ಕೆ ಇಳಿಸಬಹುದು: ತಳ್ಳುವುದು, ಸೆಳೆಯುವುದು, ಕುಳಿತೇಳುವುದು, ಬಾಗಿ ಎತ್ತುವುದು, ಹೊತ್ತು ನಡೆಯುವುದು. ನಮ್ಮ ಅಜ್ಜಿಯರ ಮನೆಯಲ್ಲಿ ಇವೆಲ್ಲ ದಿನಚರಿಯಲ್ಲಿಯೇ ಅಡಗಿದ್ದುವು. ನೆಲದ ಮೇಲೆ ಕುಳಿತು ಊಟ, ಬೀಸುವ ಕಲ್ಲಿನ ಗೂಟ ಹಿಡಿದು ತಳ್ಳಾಟ, ಬಾವಿಯ ಹಗ್ಗ ಹಿಡಿದು ಸೆಳೆತ, ಬಿಂದಿಗೆ ಹೊತ್ತು ನಡಿಗೆ. ಹಾಗೆಂದು ಆ ಕಾಲವೇ ಮರಳಲಿ ಎಂದು ಹಾರೈಸುವವನು ನಾನಲ್ಲ. ಆ ದುಡಿಮೆಯಲ್ಲಿ ಸವೆದ ಹೆಣ್ಣುಜೀವಗಳೆಷ್ಟೋ! ಆದರೆ ಬಾವಿಯ ಜಾಗಕ್ಕೆ ನಲ್ಲಿ ಬಂದಾಗ ಸೆಳೆಯುವ ಚಲನೆಯೊಂದು ಮನೆಯಿಂದ ಹೊರಟುಹೋಯಿತೆಂಬುದನ್ನು ಗಮನಿಸಬೇಕು. ಇಂದಿನ ಮನೆವ್ಯಾಯಾಮದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಅದೇ.

ಒಂದೊಂದನ್ನೇ ನೋಡೋಣ. ತಳ್ಳುವುದಕ್ಕೆ ದಂಡ. ನೆಲದ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿರಿಸಿ ತೋಳನ್ನು ಮಡಿಸಿ ಏಳುವಾಗ ಕೈಗಳ ಮೇಲೆ ಬೀಳುವ ಭಾರ ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು. ಮೊಣಕಾಲನ್ನು ನೆಲಕ್ಕೂರಿದರೆ ಸುಮಾರು ಅರ್ಧ. ಅರವತ್ತು ಕಿಲೋ ತೂಗುವವರಿಗೆ ಇದು ಕ್ರಮವಾಗಿ 40 ಮತ್ತು 30 ಕಿಲೋ ಆಯಿತು. ಅಷ್ಟೂ ಆಗದವರು ಗೋಡೆಗೆ ಕೈಯೂರಿ ತೊಡಗಲಿ. ಮುಂದೆ ಅಡಿಗೆಮನೆಯ ಕಟ್ಟೆ, ಆ ಮೇಲೆ ಮಂಚದ ಅಂಚು, ಕಡೆಗೆ ನೆಲ. ಕೈಯೂರುವ ಜಾಗ ತಗ್ಗಿದಷ್ಟೂ ಭಾರ ಹೆಚ್ಚುತ್ತದೆ. ಸೆಳೆಯುವುದಕ್ಕೆ ನೀರು ತುಂಬಿದ ಬಕೀಟು: ಒಂದು ಕೈಯನ್ನು ಮಂಚದ ಮೇಲೆ ಊರಿ, ಬೆನ್ನನ್ನು ನೇರವಾಗಿರಿಸಿಕೊಂಡು ಮುಂದಕ್ಕೆ ಬಾಗಿ, ಇನ್ನೊಂದು ಕೈಯಿಂದ ಬಕೀಟನ್ನು ಸೊಂಟದವರೆಗೆ ಎಳೆಯುವುದು. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಆದ್ದರಿಂದ ಭಾರವನ್ನು ಎಷ್ಟು ಬೇಕಾದರೂ ಸೂಕ್ಷ್ಮವಾಗಿ ಏರಿಸಬಹುದು. ಕುಳಿತೇಳುವುದಕ್ಕೆ ಬಸ್ಕಿ. ಶಾಲೆಯಲ್ಲಿ ಶಿಕ್ಷೆಯಾಗಿ ಹೊಡೆದ ಬಸ್ಕಿ ಗೃಹಸ್ಥಾಶ್ರಮದಲ್ಲಿ ರಕ್ಷೆಯಾಗುತ್ತದೆ! ಮೊದಲಿಗೆ ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತರೂ ಸಾಕು. ಬಾಗಿ ಎತ್ತುವುದಕ್ಕೆ ಪುಸ್ತಕ ತುಂಬಿದ ಶಾಲೆಯ ಚೀಲ. ಬೆನ್ನನ್ನು ಗೂನಾಗಿಸದೆ ಸೊಂಟದಿಂದ ಬಾಗಿ, ಚೀಲವನ್ನು ಮೈಗೆ ಹತ್ತಿರ ಹಿಡಿದು ಏಳಬೇಕು. ಹೊತ್ತು ನಡೆಯುವುದಕ್ಕೆ ಅದೇ ಬಕೀಟು: ಒಂದೇ ಕೈಯಲ್ಲಿ ಹಿಡಿದು, ಆ ಪಕ್ಕಕ್ಕೆ ವಾಲದೆ ನಡುಮನೆಯ ಉದ್ದಕ್ಕೂ ನಡೆದರೆ ಹೊಟ್ಟೆ ಮತ್ತು ಸೊಂಟದ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ.

ಎಷ್ಟು ಸಲ? ಒಂದೊಂದು ಚಲನೆಯನ್ನು ಎಂಟರಿಂದ ಹದಿನೈದು ಸಲ, ಕೆಳಗಿಳಿಯುವಾಗ ಮೂರು ಎಣಿಸುವಷ್ಟು ನಿಧಾನವಾಗಿ. ಐದೂ ಸೇರಿದರೆ ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಮೂರು ಸುತ್ತಿಗೆ ಹನ್ನೆರಡು. ನಡುವಣ ಬಿಡುವನ್ನು ಸೇರಿಸಿದರೆ ಇಪ್ಪತ್ತು ನಿಮಿಷ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದೊಂದು ದಿನದ ವಿರಾಮವಿಟ್ಟು ಮಾಡಿದರೆ ಸಾಕು. “ಇನ್ನೆರಡು ಮೂರು ಸಲ ಮಾಡಬಲ್ಲೆ” ಎನ್ನಿಸುವಾಗ ನಿಲ್ಲಿಸಬೇಕು. “ಇನ್ನೂ ಇಪ್ಪತ್ತು ಮಾಡಬಲ್ಲೆ” ಎನ್ನಿಸಿದರೆ ಭಾರ ಸಾಲದೆಂದು ತಿಳಿಯಬೇಕು. ಆಗ ಚೀಲಕ್ಕೆ ಇನ್ನೊಂದು ಪುಸ್ತಕ, ಬಕೀಟಿಗೆ ಇನ್ನೊಂದು ಲೀಟರ್ ಸೇರಲಿ. ಹೀಗೆ ಮೆಲ್ಲಮೆಲ್ಲನೆ ಏರುವ ಭಾರವೇ ಬಲವೃದ್ಧಿಯ ಗುಟ್ಟು. ಬಲಶಾಲಿಯಾದವನು ಕೂಡ ಚಳಿಗಾಲ ವಸಂತಗಳಲ್ಲಿ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ ಎಂಬುದು ಅಷ್ಟಾಂಗಹೃದಯಕಾರನಾದ ವಾಗ್ಭಟನ ಮತ. ವ್ಯಾಯಾಮದ ಫಲಗಳನ್ನು ಹೇಳುವಾಗ ಆತನು ಮೈಯ ಹಗುರದ ಜೊತೆಗೆ ಕೆಲಸ ಮಾಡುವ ಸಾಮರ್ಥ್ಯವನ್ನೂ ಎಣಿಸುತ್ತಾನೆ. ಚಿಕ್ಕ ಮಕ್ಕಳ ತಂದೆತಾಯಿಗಳಿಗೆ ಇದಕ್ಕಿಂತ ಹೊಂದುವ ಮಾತು ಬೇರೊಂದಿಲ್ಲ. ವ್ಯಾಯಾಮ ಮುಗಿಸಿ ಮಲಗಿಬಿಡುವ ಭಾಗ್ಯ ಅವರಿಗಿಲ್ಲ. ಮಗುವಿಗೆ ಊಟ ಮಾಡಿಸುವ ಶಕ್ತಿ ಉಳಿದಿರಲೇಬೇಕು.

ಇನ್ನು ಮಕ್ಕಳನ್ನೇನು ಮಾಡುವುದು? ಸಾಧ್ಯವಾದಾಗ ಅವರನ್ನೂ ಆಟಕ್ಕೆ ಸೇರಿಸಿಕೊಳ್ಳುವುದು. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 180 ನಿಮಿಷಗಳಷ್ಟು ಮೈಯಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಎರಡು ವರ್ಷ ತುಂಬುವವರೆಗೆ ಮೊಬೈಲು, ದೂರದರ್ಶನಗಳ ತೆರೆ ಬೇಡವೇ ಬೇಡ, ಅಲ್ಲಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದೆಂಬುದೂ ಅದರ ಸಲಹೆ. ಆದುದರಿಂದ ಮಗುವಿನ ಕೈಗೆ ಮೊಬೈಲು ಕೊಟ್ಟು ಕೂರಿಸಿ ತಾನು ವ್ಯಾಯಾಮ ಮಾಡುವುದು ಒಂದನ್ನು ಗಳಿಸಿ ಇನ್ನೊಂದನ್ನು ಕಳೆದಂತೆ. ಕರಡಿಯ ಹಾಗೆ ಕೈಕಾಲೂರಿ ನಡೆಯುವುದು, ಕಪ್ಪೆಯ ಹಾಗೆ ಕುಪ್ಪಳಿಸುವುದು, ಕುಂಟೆಬಿಲ್ಲೆ—ಇವು ಮಗುವಿಗೆ ಆಟ, ದೊಡ್ಡವರಿಗೆ ಬೆವರು. ಉಪ್ಪುಮೂಟೆಗೆ ಸಮನಾದ ಸಲಕರಣೆಯನ್ನು ಯಾವ ಅಂಗಡಿಯೂ ಮಾರಲಾರದು. ಒಂದು ವರ್ಷದ ಮಗು ಸುಮಾರು 9 ಕಿಲೋ, ಎರಡರಲ್ಲಿ 12, ಐದರಲ್ಲಿ 18. ಪ್ರಾಚೀನ ಗ್ರೀಸಿನ ಮಲ್ಲನಾದ ಮೈಲೋ ದಿನವೂ ಒಂದು ಕರುವನ್ನು ಹೊತ್ತು, ಅದು ಹೋರಿಯಾಗುವ ಹೊತ್ತಿಗೆ ತಾನೂ ಮಹಾಬಲನಾದನೆಂದು ಐತಿಹ್ಯವಿದೆ. ನಮ್ಮ ಮನೆಗಳಲ್ಲಿ ಆ ಕರು ತಾನಾಗಿಯೇ ಹೆಗಲೇರಲು ಕಾದಿರುತ್ತದೆ.

ಎಚ್ಚರಿಕೆಯ ಮಾತುಗಳೂ ಕೆಲವುಂಟು. ಮಗುವನ್ನು ಎತ್ತುವಾಗ ಕಂಕುಳಲ್ಲಿ ಕೈಯಿಟ್ಟು ಎತ್ತಬೇಕೇ ಹೊರತು ಮುಂಗೈ ಹಿಡಿದು ಜಗ್ಗಬಾರದು. ಐದು ವರ್ಷದೊಳಗಿನ ಮಕ್ಕಳಲ್ಲಿ ಮೊಣಕೈಯ ಕೀಲು ಸುಲಭವಾಗಿ ಜಾರುತ್ತದೆ. ಮೇಲಕ್ಕೆಸೆದು ಹಿಡಿಯುವ ಆಟ ಬೇಡ. ಉಪ್ಪುಮೂಟೆ ಸಮನೆಲದ ಮೇಲಿರಲಿ, ಮೆಟ್ಟಿಲ ಮೇಲೆ ಅಲ್ಲ. ಬಕೀಟು ಎಳೆಯುವಾಗ ತೆವಳುವ ಕೂಸು ಅದರ ಕೆಳಗೆ ಬಾರದಂತಿರಬೇಕು. ಕೆಲಸ ಮುಗಿದೊಡನೆ ನೀರನ್ನು ಚೆಲ್ಲಿಬಿಡಬೇಕು, ಏಕೆಂದರೆ ಬಕೀಟಿನ ನೀರೂ ಕೂಸಿಗೆ ಅಪಾಯಕರ. ಉರಿಯುವ ಒಲೆಯ ಪಕ್ಕದಲ್ಲಿ ಕಟ್ಟೆಗೆ ಕೈಯೂರುವುದು ತರವಲ್ಲ. ಹೆರಿಗೆಯಾದ ಹೊಸದರಲ್ಲಿ ತಾಯಂದಿರು ವೈದ್ಯರನ್ನು ಕೇಳಿಯೇ ತೊಡಗಬೇಕು. ಹೃದಯದ ತೊಂದರೆ, ರಕ್ತದೊತ್ತಡ ಉಳ್ಳವರೂ ಅಷ್ಟೆ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದ ಸಲಕರಣೆಯೊಂದು ಉಳಿದಿದೆ. ಅದು ಮನೆಯಲ್ಲಿ ಇಲ್ಲದ್ದಲ್ಲ. ಒಬ್ಬರಲ್ಲಿ ಮಾತ್ರ ಕೂಡಿಕೊಂಡಿರುವುದು. ಭಾರತ ಸರ್ಕಾರವು 2019ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ. ಅಂಥ ಕೆಲಸದಲ್ಲಿ ತೊಡಗುವ ಗಂಡಸರು 97 ನಿಮಿಷ. ಮನೆಯಲ್ಲಿ ಒಬ್ಬರು ಬೆಳಗಿನ ಹೊತ್ತು ಬೂಟು ಬಿಗಿದು ವಾಯುವಿಹಾರಕ್ಕೆ ಹೊರಟರೆಂದರೆ, ಆ ಹೊತ್ತಿನಲ್ಲಿ ಮಕ್ಕಳನ್ನು ಎಬ್ಬಿಸಿ, ತೊಳೆದು, ತಿನ್ನಿಸುವವರು ಇನ್ನೊಬ್ಬರೆಂದೇ ಅರ್ಥ. ಗಂಡನ ಆರೋಗ್ಯದ ಗಂಟೆ ಹೆಂಡತಿಯ ದಿನದಿಂದ ಕಡ ತಂದದ್ದು.

“ಅವಳಿಗೇಕೆ ವ್ಯಾಯಾಮ? ಮನೆಗೆಲಸವೇ ಸಾಕಲ್ಲ!” ಎಂಬುದೊಂದು ಸಿದ್ಧವಾದ ಸಮಾಧಾನವುಂಟು. ಇದು ಅರ್ಧಸತ್ಯ. ಗುಡಿಸಿ ಒರೆಸುವುದರಲ್ಲಿ ಶ್ರಮವಿದೆ, ಆದರೆ ಕ್ರಮವಾಗಿ ಏರುವ ಭಾರವಿಲ್ಲ. ಇಂದು ಒರೆಸಿದ ನೆಲವನ್ನೇ ನಾಳೆಯೂ ಒರೆಸುವುದರಿಂದ ದಣಿವು ಹೆಚ್ಚೀತೇ ಹೊರತು ಬಲ ಹೆಚ್ಚದು. ಹೆಂಗಸರಿಗೆ ಮುಟ್ಟು ನಿಂತ ಬಳಿಕ ಮೂಳೆಯ ಸಾಂದ್ರತೆ ವೇಗವಾಗಿ ಕುಗ್ಗುತ್ತದೆ. ವಯಸ್ಸಾದಂತೆ ಸ್ನಾಯುವೂ ಕರಗುತ್ತದೆ. ಭಾರ ಹೊರುವ ವ್ಯಾಯಾಮ ಈ ಎರಡನ್ನೂ ತಡೆಹಿಡಿಯುವ ಸಾಧನ. ಅರವತ್ತೈದರ ಮುಪ್ಪಿನಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದೋ, ಸಾವರಿಸಿಕೊಂಡು ನಿಲ್ಲುವುದೋ ಎಂಬುದು ಮೂವತ್ತೈದರಲ್ಲಿ ಆಕೆಗೆ ವಾರಕ್ಕೆ ಮೂರು ಸಲ ಇಪ್ಪತ್ತು ನಿಮಿಷ ದೊರೆಯಿತೇ ಇಲ್ಲವೇ ಎಂಬುದನ್ನು ಸ್ವಲ್ಪಮಟ್ಟಿಗಾದರೂ ಅವಲಂಬಿಸಿದೆ.

ಆದ್ದರಿಂದ ದಂಪತಿಗಳು ಒಂದು ಒಪ್ಪಂದಕ್ಕೆ ಬರಲಿ. ಸೋಮವಾರ, ಬುಧವಾರ, ಶುಕ್ರವಾರ ಆಕೆಯ ಸರದಿ. ಮಂಗಳವಾರ, ಗುರುವಾರ, ಶನಿವಾರ ಆತನದು. ಸರದಿಯವರಿಗೆ ಇಪ್ಪತ್ತು ನಿಮಿಷ ನಡುಮನೆಯನ್ನು ಬಿಟ್ಟುಕೊಡುವುದು. ಆ ಹೊತ್ತಿನಲ್ಲಿ ಮಕ್ಕಳ ಮೂಗು, ಪೆನ್ಸಿಲು, ಜಗಳ ಎಲ್ಲವೂ ಇನ್ನೊಬ್ಬರ ಪಾಲಿಗೆ. “ಅಮ್ಮಾ” ಎಂಬ ಕೂಗಿಗೆ “ಏನು ಮಗು?” ಎಂದು ಅಪ್ಪನೇ ಉತ್ತರ ಕೊಡಬೇಕು. ಅತ್ತೆಯೋ ತಾಯಿಯೋ ಮನೆಯಲ್ಲಿದ್ದರೆ ಅವರ ನೆರವನ್ನು ಕೇಳಬಹುದು. ಕುರ್ಚಿಯಿಂದ ಕುಳಿತೇಳುವ ವ್ಯಾಯಾಮಕ್ಕೆ ಅವರನ್ನೂ ಕರೆಯಬಹುದು. ಒಂಟಿಯಾಗಿ ಮಕ್ಕಳನ್ನು ಸಾಕುವವರು ಮೂರು ಸುತ್ತುಗಳನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆಗೆ ಹಂಚಿಕೊಂಡರೂ ಫಲಕ್ಕೆ ಕುಂದಿಲ್ಲ. ಜ್ವರ, ಪರೀಕ್ಷೆ, ಹಬ್ಬಗಳಿಂದ ಒಂದು ವಾರ ತಪ್ಪಿದರೆ ಮುಂದಿನ ವಾರ ಸ್ವಲ್ಪ ಕಡಿಮೆ ಭಾರದಿಂದ ಮತ್ತೆ ತೊಡಗಿದರಾಯಿತು.

ಹೊಸ ಚಾಪೆ, ಹೊಸ ಉಡುಪು, ಒಳ್ಳೆಯ ಮುಹೂರ್ತ ಇವಾವುದಕ್ಕೂ ಕಾಯಬೇಕಾಗಿಲ್ಲ. ಇಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಗಂಡಹೆಂಡಿರು ಐದು ನಿಮಿಷ ಕುಳಿತು, ಯಾವ ದಿನ ಯಾರ ಸರದಿಯೆಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲಿ. ಮೊದಲ ಸರದಿ ಮನೆಯಾಕೆಯದೇ ಆಗಿರಲಿ.